ಶಾಮರಾಯರ ಮನೆಬಂಡಿಯ ಎರಡನೆಯ ನೆಲ

ಇಸವಿ ೧೮೮೮ರಲ್ಲಿ ನಾನು ಬಳ್ಳಾರಿ ಕೋಟೆಯ ಕೆಳಗಿದ್ದ ಸರ್ಕಾರಿ ಬಂಡಿ ಕಾರ್ಖಾನೆಯಲ್ಲಿ ಹೆಡ್ ಮೇಸ್ತ್ರಿಯಾಗಿದ್ದೆ. ಆಗ ಜಿಲ್ಲೆಯ ಅಧಿಕಾರಿಗಳು ವರ್ಷದಲ್ಲಿ ಅರ್ಧ ಕಾಲ ಸರ್ಕೀಟಿನಲ್ಲೇ ಇರುತ್ತಿದ್ದರು, ಅಂದರೆ ಊರೂರು ತಿರುಗಿ ತನಿಖೆ ಮಾಡುತ್ತಿದ್ದರು. ಹೆಚ್ಚಿನವರು ಡೇರೆ ಹೊಡೆದು ಇಳಿಯುತ್ತಿದ್ದರು. ಕೆಲವರು ಮಾತ್ರ ನಾಲ್ಕು ಚಕ್ರದ ದೊಡ್ಡ ಎತ್ತಿನ ಬಂಡಿಯನ್ನೇ ಮನೆ ಮಾಡಿಕೊಂಡಿದ್ದರು. ಮಲಗಲು ಹಲಗೆ, ಬರೆಯಲು ಮಡಚುವ ಮೇಜು, ಪಾತ್ರೆಗೆ ಗೂಡು, ಕಿಟಕಿಗೆ ಪರದೆ, ಎಲ್ಲವೂ ಅದರೊಳಗೇ. ಜನ ಅದನ್ನು ಮನೆಬಂಡಿ ಎನ್ನುತ್ತಿದ್ದರು. ಅಂಥ ಬಂಡಿಗಳನ್ನು ಕಟ್ಟುವುದು, ಕೆಟ್ಟರೆ ಏನು ಕೆಟ್ಟಿದೆ ಎಂದು ಹುಡುಕಿ ಸರಿಪಡಿಸುವುದು ನನ್ನ ಕೆಲಸ.

ಮನೆಬಂಡಿ ಇಟ್ಟುಕೊಂಡವರಿಗೆಲ್ಲ ಒಂದು ಚಟ ಇರುತ್ತಿತ್ತು. ಅದರ ಹೆಸರು ಸುಧಾರಣೆ. ನಾವು ಹದ ನೋಡಿ, ತೂಕ ನೋಡಿ ಕಟ್ಟಿಕೊಟ್ಟ ಬಂಡಿಯನ್ನು ಅವರು ಮದರಾಸಿನಿಂದ ತರಿಸಿದ ಕ್ಯಾಟಲಾಗು ನೋಡಿಕೊಂಡು ತಾವೇ ಸುತ್ತಿಗೆ ಹಿಡಿದು ತಿದ್ದುತ್ತಿದ್ದರು. ಒಬ್ಬರು ಟೋಪಿಯ ಗೂಟ ಹೊಡೆಯಲು ಹೋಗಿ ಚಾವಣಿಯ ತಗಡಿಗೆ ಹನ್ನೊಂದು ತೂತು ಮಾಡಿದ್ದರು. ಇನ್ನೊಬ್ಬರು ಬಾಗಿಲಿಗೆ ಅಡ್ಡವಾಗಿ ಪುಸ್ತಕದ ಕಪಾಟು ನಿಲ್ಲಿಸಿ, ಕಿಟಕಿಯಿಂದ ಹತ್ತಿ ಇಳಿಯುತ್ತಿದ್ದರು. ಇವೆಲ್ಲ ನಗುವ ಸಂಗತಿಗಳು. ಶಾಮರಾಯರ ಬಂಡಿಯನ್ನು ನೆನೆದರೆ ಮಾತ್ರ ಇಂದಿಗೂ ನನಗೆ ಊಟ ಸೇರುವುದಿಲ್ಲ.

ಶಾಮರಾಯರು ಶಾಲೆಗಳ ಇನ್‌ಸ್ಪೆಕ್ಟರು. ಬಳ್ಳಾರಿಯಿಂದ ಕೊಳಗಲ್ಲು, ಕುರುಗೋಡು, ಸಿರುಗುಪ್ಪದವರೆಗಿನ ಶಾಲೆಗಳು ಅವರ ಕೈಕೆಳಗಿದ್ದವು. ಓದಿದವರು, ಮಡಿವಂತರು, ಸ್ವಚ್ಛತೆಯ ಬಗ್ಗೆ ಊರೂರಲ್ಲಿ ಭಾಷಣ ಮಾಡುವವರು. ಮಕ್ಕಳ ಲೆಕ್ಕ ಕೇಳುವುದಕ್ಕೆ ಮೊದಲು ಉಗುರು ನೋಡುತ್ತಿದ್ದರು. ಅವರ ಬಂಡಿ ಹೊಡೆಯುವವನು ಹುಲಿಗೆಪ್ಪ. ನಲವತ್ತರ ಆಸುಪಾಸಿನ ಮಿತಭಾಷಿ. ಸರ್ಕಾರದ ಪಗಾರದ ಆಳು, ಹನ್ನೊಂದು ವರ್ಷದ ನೌಕರಿ. ಹಗಲು ಬಂಡಿ ಹೊಡೆದು, ಕತ್ತಲಾದ ಮೇಲೆ ಅದೇ ಬಂಡಿಯ ಕೆಳಗೆ ಕಂಬಳಿ ಹೊದ್ದು ಮಲಗುತ್ತಿದ್ದ.

ಆ ವರ್ಷ ಪುಷ್ಯ ಮಾಸದಲ್ಲಿ ರಾಯರು ಬಂಡಿಯನ್ನು ಕಾರ್ಖಾನೆಗೆ ತಂದರು. ಮೂಗಿಗೆ ಪಂಚೆಯ ಸೆರಗು ಹಿಡಿದುಕೊಂಡೇ ಮಾತನಾಡಿದರು.

"ಮೇಸ್ತ್ರಿ, ಬಂಡಿಯೊಳಗ ಎಂಟು ದಿನದಿಂದ ನಾತ ಹೊಡೀಲಿಕ್ಕೆ ಹತ್ಯದ. ಏನಂತ ನೋಡ್ರಿ."

ನಾನು ಕ್ರಮವಾಗಿಯೇ ನೋಡಿದೆ. ಅಚ್ಚಿಗೆ ಹಚ್ಚಿದ್ದು ಹರಳೆಣ್ಣೆ. ರಾಯರು ಪ್ರಾಣಿಯ ಕೊಬ್ಬು ಹಚ್ಚಲು ಬಿಡುತ್ತಿರಲಿಲ್ಲ. ಚಾವಣಿ ಸೋರಿರಲಿಲ್ಲ. ಹಾಸಿಗೆಯ ನಾರು ಒಣಗಿಯೇ ಇತ್ತು. ಗೂಡುಗಳಲ್ಲಿ ಇಲಿ ಸತ್ತಿರಲಿಲ್ಲ. ಹಿಂದಿನ ಬಲಗಡೆಯ ಸ್ಪ್ರಿಂಗು ಒಂದಂಗುಲ ಕುಸಿದಿತ್ತು. ಪುಸ್ತಕದ ಭಾರ ಇರಬೇಕು ಎಂದುಕೊಂಡು ಬಿಟ್ಟುಬಿಟ್ಟೆ. ಅದೇ ಬಲಮೂಲೆಯಲ್ಲಿ ರಾಯರು ದೇವರ ಪೆಟ್ಟಿಗೆ ಇಟ್ಟು, ಸುತ್ತ ಪರದೆ ಕಟ್ಟಿದ್ದರು. ಅಲ್ಲಿಗೆ ನನ್ನನ್ನು ಬಿಡಲಿಲ್ಲ. "ಅದು ಮಡಿ ಜಾಗಾ, ಅಲ್ಲೇನೂ ಇಲ್ಲ" ಎಂದರು. ನಾನೂ ಪರದೆ ಸರಿಸದೆ ಕೆಳಗಿಳಿದೆ. ದೊಡ್ಡವರ ಜೊತೆ ವಾದ ಏಕೆ ಎಂಬ ಹೇಡಿತನ ಅದು, ಬೇರೇನೂ ಅಲ್ಲ.

ಏನೂ ಸಿಗದಿದ್ದಾಗ ರಾಯರು ಹೊರಗೆ ನಿಂತಿದ್ದ ಹುಲಿಗೆಪ್ಪನತ್ತ ಬೆರಳು ಮಾಡಿದರು. "ಅವನ ಕಂಬಳಿ ನೋಡ್ರಿ ಒಂದಿಷ್ಟು."

ಹುಲಿಗೆಪ್ಪ ತಾನೇ ಕಂಬಳಿ ತಂದುಕೊಟ್ಟ. ಮೂಸಿದೆ. ಉಣ್ಣೆ, ಬೆವರು, ಎತ್ತಿನ ಮೈ, ಹೊಗೆ. ಬಂಡಿ ಹೊಡೆಯುವವನ ಕಂಬಳಿಯಲ್ಲಿ ಏನಿರಬೇಕೋ ಅದು ಇತ್ತು. ಬಂಡಿಯೊಳಗಿನ ಆ ಹುಳಿ ನಾತಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ನನ್ನ ಮೂಗಿಗೆ ಚೆನ್ನಾಗಿ ಗೊತ್ತಾಯಿತು. ಬಾಯಿಂದ ಬಂದದ್ದು ಬೇರೆ.

"ಕಂಬಳಿ ಅಂದ್ರ ವಾಸನಿ ಇರ್ತೈತ್ರಿ ರಾಯರ" ಎಂದೆ.

ಅಷ್ಟು ಸಾಕಾಯಿತು. ರಾಯರು ಆ ಕಂಬಳಿಯನ್ನು ನಮ್ಮ ಕಮ್ಮಾರನ ಕುಲುಮೆಗೆ ಹಾಕಿಸಿದರು. ಉಣ್ಣೆ ಸುಡುವ ವಾಸನೆ ಕಾರ್ಖಾನೆಯಲ್ಲೆಲ್ಲ ತುಂಬಿತು. ಹುಲಿಗೆಪ್ಪ ನನ್ನ ಮುಖವನ್ನೊಮ್ಮೆ ನೋಡಿ, ಹೋಗಿ ಎತ್ತು ಕಟ್ಟಿದ. ಚಳಿಗಾಲ ಇನ್ನೂ ಮುಗಿದಿರಲಿಲ್ಲ.

ಹದಿನೈದು ದಿನಗಳ ನಂತರ ಸಿರುಗುಪ್ಪದಿಂದ ರಾಯರ ಚೀಟಿ ಬಂತು. ನಾತ ಹೆಚ್ಚಾಗಿದೆ. ಹುಲಿಗೆಪ್ಪ ಹೊಳೆಯ ಒಣಮೀನನ್ನು ಬಂಡಿಯಲ್ಲೆಲ್ಲೋ ಅಡಗಿಸಿಟ್ಟಿದ್ದಾನೆ. ಅವನನ್ನು ನೌಕರಿಯಿಂದ ತೆಗೆಯಬೇಕು. ಸರ್ಕಾರದ ಆಳನ್ನು ತೆಗೆಯಲು ಲಿಖಿತ ಕಾರಣ ಬೇಕು. ಆದ್ದರಿಂದ ನೀವು ಬಂದು, ಬಂಡಿಯಲ್ಲಿ ದೋಷವಿಲ್ಲ, ಗಲೀಜು ಬಂಡಿಯವನದೇ ಎಂದು ರಿಪೋರ್ಟು ಬರೆದು ಸಹಿ ಮಾಡಬೇಕು. ಚೀಟಿಯ ಕೊನೆಗೆ, "ತಾವೇ ಹಿಂದೆ ಕಂಬಳಿಯ ವಿಷಯ ಒಪ್ಪಿದ್ದೀರಿ" ಎಂದು ಸೇರಿಸಿದ್ದರು.

ಆ ಸಾಲು ಓದಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಗಲೀಜು ಮನುಷ್ಯ ಎಂದು ದಫ್ತರದಲ್ಲಿ ಒಮ್ಮೆ ಬರೆಸಿಕೊಂಡವನನ್ನು ಯಾವ ಅಧಿಕಾರಿಯೂ ಮತ್ತೆ ಬಂಡಿಯ ಹತ್ತಿರ ಸೇರಿಸುತ್ತಿರಲಿಲ್ಲ.

ಟಪಾಲು ಬಂಡಿ ಹತ್ತಿ ಹೊರಟೆ. ಕುರುಗೋಡಿನಲ್ಲಿ ಎತ್ತು ಬದಲಿಸುವಾಗ ಅಲ್ಲಿನ ಶಾಲೆಯ ಮೇಷ್ಟರು ಸಿಕ್ಕರು. ಇನ್‌ಸ್ಪೆಕ್ಟರು ಬಂದಿದ್ದರೇ ಎಂದು ಕೇಳಿದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಬಂದಿದ್ರಿ. ಬಂಡಿ ಸಾಲಿ ಬಾಗಲಕ್ಕ ನಿಂತಿತ್ತು. ಹುಡುಗರೆಲ್ಲ ಮೂಗು ಹಿಡಕೊಂಡು ಪದ್ಯ ಹೇಳಿದವು. ಸಾಹೇಬ್ರು, ಉಚ್ಚಾರ ಸರಿ ಇಲ್ಲ ಅಂತ ಬರದು ಹೋದ್ರು."

ಸಿರುಗುಪ್ಪ ತಲುಪಿದ್ದು ಮರುದಿನ ಬೆಳಗ್ಗೆ. ಊರ ಹೊರಗೆ ಹೊಳೆಯ ದಾರಿಯಲ್ಲಿ ಹುಣಸೆಮರದ ಕೆಳಗೆ ಬಂಡಿ ನಿಂತಿತ್ತು. ಮೂವತ್ತು ಮಾರು ದೂರದಲ್ಲೇ ನಾತ ಬಂದು ಬಡಿಯಿತು. ಒಡೆದ ಹಾಲು, ಕೊಳೆತ ಬಾಳೆಹಣ್ಣು, ಅದರ ಹಿಂದೆ ಇನ್ನೇನೋ ಸಿಹಿ ಸಿಹಿಯಾದ ಹೊಲಸು. ಗಂಟಲಲ್ಲಿ ಅಂಟಿಕೊಳ್ಳುವಂಥದು. ನೊಣಗಳು ಬಂಡಿಯ ಬಲಗಡೆಗೆ ಮಾತ್ರ ಮುತ್ತಿದ್ದವು. ರಾಯರು ಮರದ ಆಚೆ ಬದಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಕರ್ಪೂರದ ಗಂಟು ಮೂಗಿಗಿಟ್ಟುಕೊಂಡು ಕುಳಿತಿದ್ದರು. ರಿಪೋರ್ಟಿನ ಕಾಗದ, ಮಸಿ, ಲೇಖನಿ ಎಲ್ಲ ಸಿದ್ಧವಾಗಿದ್ದವು.

ಹುಲಿಗೆಪ್ಪ ಗೋಣಿಚೀಲ ಹೊದ್ದು ಎತ್ತುಗಳ ಪಕ್ಕ ಕುಳಿತಿದ್ದ. ನಾನು ಹತ್ತಿರ ಹೋದೆ.

"ನಾ ಏನೂ ಇಟ್ಟಿಲ್ರಿ ಮೇಸ್ತ್ರಿಯಾರ. ಮೀನು ತಿಂತೀನಿ, ಖರೆ. ಧಣಿ ಬಂಡ್ಯಾಗ ಇಡಾಕ ನನಗ ಹುಚ್ಚು ಹಿಡಿದೈತೇನ್ರಿ" ಎಂದ. ಅಷ್ಟೇ ಹೇಳಿ ಎತ್ತಿನ ಕೊರಳ ಹಗ್ಗ ಸರಿಮಾಡತೊಡಗಿದ.

ನಾನು ರಾಯರಿಗೆ, ಒಳಗೆ ಹೋಗಿ ಮೂಲೆಮೂಲೆ ನೋಡದೆ ಸಹಿ ಮಾಡುವುದಿಲ್ಲ ಎಂದೆ. ದೇವರ ಜಾಗ ಎಂದರು. ಹಾಗಾದರೆ ಮಡಿಯಲ್ಲೇ ಹೋಗುತ್ತೇನೆ ಎಂದು ಹೊಳೆಗೆ ನಡೆದೆ. ಮುಳುಗು ಹಾಕಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಒದ್ದೆ ಪಂಚೆಯಲ್ಲೇ ಬಂದೆ. ಕೈಯಲ್ಲಿ ಅಳತೆಯ ಪಟ್ಟಿ, ಒಂದು ಕಬ್ಬಿಣದ ಸಲಾಕೆ. ರಾಯರಿಗೆ ತಡೆಯಲು ಕಾರಣ ಉಳಿಯಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಕಣ್ಣಿಗೆ ಏನೂ ಕಾಣದಿದ್ದರೆ ಹೊರಗಿನಿಂದ ಒಮ್ಮೆ, ಒಳಗಿನಿಂದ ಒಮ್ಮೆ ಅಳೆಯಬೇಕು. ಹಲಗೆಯ ದಪ್ಪ ಕಳೆದರೆ ಎರಡೂ ತಾಳೆಯಾಗಬೇಕು. ಆ ಬಂಡಿ ನಾನೇ ಕಟ್ಟಿಸಿದ್ದು, ಒಳಗಿನ ಎತ್ತರ ಐದು ಅಡಿ ನಾಲ್ಕಂಗುಲ ಇರಬೇಕಿತ್ತು. ಅಳೆದರೆ ನಾಲ್ಕು ಅಡಿ ಹನ್ನೊಂದಂಗುಲ ಬಂತು. ಐದು ಅಂಗುಲ ಬಂಡಿ ಕಾಣೆಯಾಗಿತ್ತು.

ನೆಲಕ್ಕೆ ಮೊಳೆ ಹೊಡೆದು ಹಾಸಿದ್ದ ಜಮಖಾನೆಯನ್ನು ಎಬ್ಬಿಸಿದೆ. ಕೆಳಗೆ ನಮ್ಮ ತೇಗದ ನೆಲ ಇರಲಿಲ್ಲ. ಅಡ್ಡಾದಿಡ್ಡಿ ಕೊಯ್ದ ಬೇವಿನ ಹಲಗೆಗಳ ಇನ್ನೊಂದು ನೆಲವಿತ್ತು. ಪರದೆ ಸರಿಸಿದೆ. ದೇವರ ಪೆಟ್ಟಿಗೆಯ ಮುಂದೆ ಸೀಮೆಎಣ್ಣೆ ಡಬ್ಬಿ ಬಿಚ್ಚಿ ಮಾಡಿದ ತಗಡಿನ ತಟ್ಟೆ, ಅದರ ನಡುವೆ ಬೆರಳು ಹೋಗುವಷ್ಟು ತೂತು. ಸಲಾಕೆ ಇಳಿಸಿದೆ. ಐದಂಗುಲ ಇಳಿದು ನಮ್ಮ ನೆಲಕ್ಕೆ ತಾಗಿ ನಿಂತಿತು. ಹೊರತೆಗೆದಾಗ ತುದಿಯಲ್ಲಿ ಹಳದಿ ಲೋಳೆ ನೂಲಿನಂತೆ ಜೋತಾಡುತ್ತಿತ್ತು.

ಹೊರಗೆ ಬಂದು ಕೇಳಿದೆ. ರಾಯರು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದರು. ಐವತ್ತು ದಿನದ ಹಿಂದೆ ಕ್ಯಾಟಲಾಗಿನಲ್ಲಿ ನೋಡಿ ಎರಡನೆಯ ನೆಲ ತಾವೇ ಹಾಕಿದ್ದು. ಸೆಕೆ, ಕುಲುಕಾಟ ತಾಗದಿರಲೆಂದು ನಡುವೆ ಸಿರುಗುಪ್ಪದ ಭತ್ತದ ಹೊಟ್ಟು ತುಂಬಿದ್ದರು. ನಿತ್ಯ ಬೆಳಗ್ಗೆ ಹಾಲು, ಮೊಸರು, ತುಪ್ಪ, ಜೇನು, ಬಾಳೆಹಣ್ಣಿನ ಅಭಿಷೇಕ. ಆ ತೀರ್ಥ ದಾರಿಯಲ್ಲಿ ಸುರಿದರೆ ಕಂಡವರು ತುಳಿಯುತ್ತಾರೆ. ಅದಕ್ಕೇ ತೂತು ಮೇಲಿನ ನೆಲಕ್ಕೆ ಮಾತ್ರ. ಕೆಳಗಿನ ಹೊಟ್ಟು ಹೀರಿಕೊಂಡು ಒಣಗುತ್ತದೆ ಎಂಬುದು ಅವರ ಲೆಕ್ಕ.

"ಇದು ಆವತ್ತ ಯಾಕ ಹೇಳಲಿಲ್ರಿ?" ಎಂದೆ.

"ಅದಕ್ಕೂ ಇದಕ್ಕೂ ಏನ್ರಿ ಸಂಬಂಧ? ದೇವರ ಮ್ಯಾಲೆ ಎರೆದ ಹಾಲು ನಾರತದೇನು?"

ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೆಯೇ ನಂಬಿದ್ದರು. ಅದೇ ನನಗೆ ಹೆಚ್ಚು ಅಸಹ್ಯವೆನಿಸಿತು. ಮಡಿವಂತರ ಎಷ್ಟೋ ಮನೆಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ದೇವರ ನೀರನ್ನು ತುಳಸಿ ಬುಡಕ್ಕೋ ಬಾವಿಯ ಹತ್ತಿರದ ಬಾಳೆಗೋ ಹಾಕುತ್ತಾರೆ, ಅಂಗಳ ಫಳಫಳ ಹೊಳೆಯುತ್ತಿರುತ್ತದೆ. ನೀರಿಗೆ ದಾರಿ ಮಾಡದೆ ತನ್ನ ಕಾಲ ಕೆಳಗೇ ಕೊಳೆಹಾಕಿಕೊಂಡು, ಬಂಡಿಯ ಹೊರಗೆ ಮಲಗುವವನ ಕಂಬಳಿ ಸುಡಿಸಿದ ಮನುಷ್ಯನನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಹಲಗೆ ಎಬ್ಬಿಸಿದೆ. ಐವತ್ತು ದಿನಗಳ ಹಾಲು ತುಪ್ಪ ಹೊಟ್ಟಿನೊಂದಿಗೆ ಕಲೆತು ಕಪ್ಪು ಗಸಿಯಾಗಿತ್ತು. ಅದರ ಮೇಲೆ ಹಸಿರು ಬೂಷ್ಟು. ಹಲಗೆಯ ಅಡಿಗೆ ಜಿರಲೆ ಒತ್ತೊತ್ತಾಗಿ ಅಂಟಿದ್ದವು. ಬೆಳಕು ಬಿದ್ದ ಕೂಡಲೇ ಅವು ಚದುರಿ ದೇವರ ಪೆಟ್ಟಿಗೆಯ ಸಂದಿಗೆ ಹೊಕ್ಕವು. ಗಸಿ ತಾನಾಗಿ ಮಿಸುಕುತ್ತಿರುವಂತೆ ಕಂಡಿತು. ಬಗ್ಗಿ ನೋಡಿದರೆ ಬಿಳಿ ಹುಳ, ಎಣಿಸಲಾರದಷ್ಟು. ನಾನು ಇಳಿದು ಹುಣಸೆ ಬುಡಕ್ಕೆ ಹೋಗಿ ವಾಂತಿ ಮಾಡಿದೆ. ನಲವತ್ತು ವರ್ಷದ ಕೆಲಸದಲ್ಲಿ ವಾಂತಿ ಮಾಡಿದ್ದು ಅದೊಂದೇ ಸಲ.

ರಾಯರು ಬಾಗಿಲಿಗೆ ಬಂದು ಒಮ್ಮೆ ನೋಡಿ ಹಿಂದೆ ಸರಿದರು. ಮುಖ ಬಿಳಿಚಿತ್ತು. ಇನ್ನು ಹುಲಿಗೆಪ್ಪನಿಗೆ ಒಂದು ಮಾತು ಹೇಳುತ್ತಾರೆ ಎಂದುಕೊಂಡೆ. ಹೇಳಿದರು.

"ಲೇ ಹುಲಿಗ್ಯಾ, ಬಾ ಇಲ್ಲೆ. ಇದನ್ನೆಲ್ಲಾ ಬಳದು ಹೊಳ್ಯಾಗ ಹಾಕಿ ಬಾ."

ಕೆಳಗೆ ಹೊಳೆಯಲ್ಲಿ ಹೆಂಗಸರು ಕುಡಿಯುವ ನೀರು ತುಂಬಿಕೊಳ್ಳುತ್ತಿದ್ದರು. ಹುಲಿಗೆಪ್ಪ ಎದ್ದು ಬಂದ. ಬಾಗಿಲಿಗೆ ಎರಡು ಮಾರು ದೂರದಲ್ಲಿ ನಿಂತು, ಕೈಮುಗಿದೇ ಹೇಳಿದ.

"ಅದು ತೀರ್ಥ ಅಂತೀರಲ್ರಿ ಧಣಿ. ನಾ ಹೆಂಗ ಮುಟ್ಟಲಿ?"

ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ಹನ್ನೊಂದು ವರ್ಷ ರಾಯರೇ ಕಲಿಸಿದ ಪಾಠವನ್ನು ಒಪ್ಪಿಸಿದ ಹಾಗಿತ್ತು. ರಾಯರು ನನ್ನತ್ತ ನೋಡಿದರು. ನಾನು ಮರದ ಬುಡದಿಂದ ಸಲಿಕೆ ತಂದು ಅವರ ಕೈಗೆ ಕೊಟ್ಟೆ. ಹೊಳೆಗೆ ಹಾಕಬೇಡಿ, ಗುಂಡಿ ತೆಗೆದು ಮುಚ್ಚಿ ಎಂದೂ ಹೇಳಿದೆ. ಅವರು ಕಚ್ಚೆ ಬಿಗಿದು, ಓಕರಿಸುತ್ತ, ಮಧ್ಯಾಹ್ನದವರೆಗೆ ತಾವೇ ಬಳಿದರು. ಹುಲಿಗೆಪ್ಪ ಎತ್ತುಗಳಿಗೆ ನೀರು ಕುಡಿಸಿಕೊಂಡು ಬಂದ.

ರಿಪೋರ್ಟಿನಲ್ಲಿ ನಾನು ಕಂಡದ್ದನ್ನು ಅಳತೆ ಸಮೇತ ಬರೆದು ಸಹಿ ಹಾಕಿದೆ. ಹುಲಿಗೆಪ್ಪನ ನೌಕರಿ ಉಳಿಯಿತು. ಆದರೆ ಅವನು ಆ ಬಂಡಿಯಲ್ಲಿ ಉಳಿಯಲಿಲ್ಲ. ತಾನೇ ಅರ್ಜಿ ಕೊಟ್ಟು ನಮ್ಮ ಕಾರ್ಖಾನೆಗೆ ಬದಲಿ ಮಾಡಿಸಿಕೊಂಡ. ಅವನು ಸೇರಿದ ದಿನ ನಾನೊಂದು ಹೊಸ ಕಂಬಳಿ ತಂದು ಎದುರಿಗಿಟ್ಟೆ. ಅವನು ಬಿಡಿಸಿ ನೋಡಿ, ಹೊದೆಯದೆ, ಅದನ್ನು ನನ್ನ ಮುಖದ ಹತ್ತಿರ ಹಿಡಿದ.

"ಮೂಸ್ರಿ ಮೇಸ್ತ್ರಿಯಾರ. ಏನಂತೀರಿ?"

ಮೂಸಿದೆ. "ಕಂಬಳಿ ವಾಸನಿ. ಬ್ಯಾರೆ ಏನೂ ಇಲ್ಲ."

"ಇಷ್ಟ ಆವತ್ತ ಅಂದಿದ್ರ ಆಗ್ತಿತ್ತಲ್ರಿ" ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋದ.

ದೋಷ ಹುಡುಕುವವನ ಅರ್ಧ ಮಾತು ಇನ್ನೊಬ್ಬನ ಕುತ್ತಿಗೆಗೆ ಬರುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಈ ಕೆಲಸ. ಅಂದಿನಿಂದ ಪಿಂಚಣಿ ಪಡೆಯುವವರೆಗೂ ನನ್ನ ರಿಪೋರ್ಟುಗಳಲ್ಲಿ ಎರಡು ಭಾಗ ಇರುತ್ತಿದ್ದವು, ದೋಷ ಯಾವುದರಲ್ಲಿದೆ, ಯಾವುದರಲ್ಲಿ ಇಲ್ಲ ಎಂದು. ಇಲ್ಲ ಎಂಬುದನ್ನು ಮೊದಲು ಬರೆಯುತ್ತಿದ್ದೆ.