ಮುಖ್ಯವಾದದ್ದು ಮಾತ್ರ

ಕಲೆಯ ವಿಷಯದಲ್ಲಿ ನನ್ನ ಜ್ಞಾನ ಕ್ಯಾಲೆಂಡರಿನಲ್ಲಿ ಹುಟ್ಟಿ ಕ್ಯಾಲೆಂಡರಿನಲ್ಲೇ ಬೆಳೆದದ್ದು. ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ನಮ್ಮ ರಾಜಾಜಿನಗರದಲ್ಲಿ ಯಾರ ಮನೆಯ ಗೋಡೆಯನ್ನಾದರೂ ನೋಡಿ. ಜವಳಿಯವನು ಕೊಟ್ಟ ಲಕ್ಷ್ಮಿ, ಊದುಬತ್ತಿಯವನು ಕೊಟ್ಟ ಕೃಷ್ಣ, ಔಷಧಿ ಅಂಗಡಿಯವನು ಕೊಟ್ಟ ದುಂಡನೆಯ ಮಗು, ಇಷ್ಟಕ್ಕೆ ಚಿತ್ರಕಲೆಯ ಚರಿತ್ರೆ ಮುಗಿಯಿತು. ಜನವರಿ ಬಂದರೆ ಲಕ್ಷ್ಮಿ ಇಳಿದು ಸರಸ್ವತಿ ಏರುತ್ತಾಳೆ. ಮೊಳೆ ಮಾತ್ರ ಅದೇ ಇರುತ್ತದೆ. ಇಂಥ ನನ್ನನ್ನು ಒಂದು ಲೋಕಪ್ರಸಿದ್ಧ ಮ್ಯೂಸಿಯಮ್ಮಿಗೆ ಎಳೆದುಕೊಂಡು ಹೋದದ್ದು ಕೂಡ ಒಂದು ಕ್ಯಾಲೆಂಡರೇ. ಮ್ಯೂಸಿಯಮ್ಮಿನ ಹೆಸರು ಕೇಳಬೇಡಿ. ದೂರದ ಊರು, ಪರಭಾಷೆಯ ಜನ, ನಾವು ಅಲ್ಲಿ ನಡೆದುಕೊಂಡ ರೀತಿ ಅವರಿಗೆ ಇನ್ನೂ ನೆನಪಿದ್ದರೂ ಇರಬಹುದು.

ಆ ಕ್ಯಾಲೆಂಡರು ನನ್ನ ಅಮ್ಮ ಮದುವೆಯಾಗಿ ಬಂದ ವರ್ಷದ್ದು. ವರ್ಷ ಕಳೆದರೂ ಗೋಡೆಯಿಂದ ಇಳಿಯದ ಕ್ಯಾಲೆಂಡರು ಅದೊಂದೇ. ಶ್ರೀರಾಮಪುರದ ವಠಾರದಿಂದ ರಾಜಾಜಿನಗರದ ಮನೆಗೆ ಬಂದಾಗ ಹಾಲು ಉಕ್ಕಿಸುವ ಮೊದಲೇ ಅಮ್ಮ ಅದಕ್ಕೊಂದು ಮೊಳೆ ಹೊಡೆಸಿದ್ದಳು. ಚಿತ್ರದಲ್ಲಿ ಒಬ್ಬ ತರುಣಿ ಕಿಟಕಿಯ ಪಕ್ಕ ಕೂತು ಮಲ್ಲಿಗೆ ಕಟ್ಟುತ್ತಿದ್ದಾಳೆ. ಕೈ ಹೂವಿನ ಮೇಲೆ, ಕಣ್ಣು ಕೆಳಗೆಲ್ಲೋ. ಸರಿಯಾಗಿ ಆ ಕೆಳಗಿನ ಜಾಗದಲ್ಲೇ ಜವಳಿ ಅಂಗಡಿಯವನು ತನ್ನ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಅದರಡಿ ತಾರೀಖಿನ ಕಟ್ಟು ಅಂಟಿಸಿದ್ದ. ಅವಳು ಏನನ್ನು ನೋಡುತ್ತಿದ್ದಾಳೆ ಎಂಬುದನ್ನು ಕಲಾವಿದ ಬರೆದಿದ್ದರೂ ವ್ಯಾಪಾರಿ ಬಿಟ್ಟುಕೊಟ್ಟಿರಲಿಲ್ಲ. ನಾನು ಚಿಕ್ಕವನಿದ್ದಾಗ ಆ ಕಟ್ಟನ್ನು ಕಿತ್ತು ನೋಡಿದ್ದೆ. ಕೆಳಗೆ ಬಿಳಿ ರಟ್ಟು ಬಿಟ್ಟರೆ ಏನೂ ಸಿಗಲಿಲ್ಲ. ಬೆನ್ನ ಮೇಲೆ ಏಟು ಮಾತ್ರ ಸಿಕ್ಕಿತು.

ಅಮ್ಮನ ಪ್ರಕಾರ ಅಲ್ಲಿ ಒಂದು ಮಗು ಆಡುತ್ತಿದೆ. ಇದಕ್ಕೆ ಕಾರಣವಿತ್ತು. ಮದುವೆಯಾಗಿ ಬಹಳ ವರ್ಷ ಅಮ್ಮನಿಗೆ ಮಕ್ಕಳಾಗಿರಲಿಲ್ಲ. ನನ್ನ ಅಜ್ಜಿ, ಅಂದರೆ ಅಮ್ಮನ ಅತ್ತೆ, ಅದನ್ನು ದಿನಕ್ಕೊಮ್ಮೆ ನೆನಪಿಸುವ ಕೆಲಸವನ್ನು ರಜೆ ಹಾಕದೆ ಮಾಡುತ್ತಿದ್ದರಂತೆ. ಆಗೆಲ್ಲ ಅಮ್ಮ ಕ್ಯಾಲೆಂಡರಿನ ಮುಂದೆ ಕೂತು, ಕಾಣದ ಆ ಮಗುವನ್ನು ನೋಡಿಕೊಂಡು ಸಮಾಧಾನ ಪಡುತ್ತಿದ್ದಳಂತೆ. ಕೊನೆಗೆ ನಾನು ಹುಟ್ಟಿದೆ. ನನ್ನ ಜನನದಲ್ಲಿ ಅಪ್ಪನಿಗಿಂತ ಜವಳಿ ಅಂಗಡಿಯವನ ಪಾಲೇ ದೊಡ್ಡದು ಎಂಬಂತೆ ಅಮ್ಮ ಮಾತಾಡುತ್ತಿದ್ದಳು.

ಇದು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನನಗೆ ಮದುವೆಯಾಗಿ ಕೆಲವು ವರ್ಷವಾಗಿ, ನಮಗೂ ಮಕ್ಕಳಾಗದೆ ಇದ್ದಾಗ, ಅಮ್ಮ ಅದೇ ಔಷಧಿಯನ್ನು ನನ್ನ ಹೆಂಡತಿ ವಿಶಾಲುವಿಗೆ ಬರೆದುಕೊಟ್ಟಳು.

"ದಿನಾ ಬೆಳಿಗ್ಗೆ ಅದನ್ನ ನೋಡು ಕಣೇ. ಮಗೂನೇ ಅಲ್ಲಿರೋದು. ಇಲ್ದಿದ್ರೆ ಅಷ್ಟು ಪ್ರೀತಿಯಿಂದ ಯಾಕೆ ನೋಡ್ತಾಳೆ?"

"ಬೆಕ್ಕಿರಬಹುದು ಅತ್ತೆ," ಎನ್ನುತ್ತಿದ್ದಳು ವಿಶಾಲು, ತಲೆ ಎತ್ತದೆ ಹೂ ಕಟ್ಟುತ್ತ.

"ಬೆಕ್ಕಂತೆ! ಮೊದಲು ಆ ಗಂಟು ಬಿಗಿ ಮಾಡು. ನೀನು ಕಟ್ಟಿದ ಹೂವು ದೇವರ ಮನೆ ತಲುಪೋಷ್ಟರಲ್ಲಿ ನಡುಮನೇಲೆಲ್ಲ ಉದುರಿರುತ್ತೆ."

ಬೆಕ್ಕು ಎಂದಾಗ ವಿಶಾಲುವಿನ ಧ್ವನಿ ಹಗುರವಾಗಿರುತ್ತಿತ್ತು, ಮುಖ ಹಾಗಿರುತ್ತಿರಲಿಲ್ಲ. ನಾನು ಪೇಪರ್ ಓದುತ್ತಿದ್ದೆ. ಅತ್ತೆ ಸೊಸೆಯರ ನಡುವೆ ಸಿಕ್ಕ ಗಂಡಸಿಗೆ ದಿನಪತ್ರಿಕೆಯಷ್ಟು ಉಪಕಾರ ಮಾಡಿದ ವಸ್ತು ಇನ್ನೊಂದಿಲ್ಲ. ಓದಿದ ಸುದ್ದಿಯನ್ನೇ ಮತ್ತೆ ಮತ್ತೆ ಓದಿ, ಆ ವರ್ಷಗಳಲ್ಲಿ ದೇಶದ ರಾಜಕೀಯ ನನಗೆ ಬಾಯಿಪಾಠವಾಗಿತ್ತು.

ಆಗ ಬಂದವರು ಶ್ಯಾಮಣ್ಣನವರು. ನಮ್ಮ ರಸ್ತೆಯ ಗಣೇಶೋತ್ಸವ ಸಮಿತಿಯ ಕಾರ್ಯದರ್ಶಿಗಳು, ಬೇಸಿಗೆ ರಜೆಯಲ್ಲಿ ಯಾತ್ರೆಯ ಬಸ್ಸು ಹೊರಡಿಸುವವರು, ಎಲ್ಲ ಕಾಲದಲ್ಲೂ ಕೊರಳಲ್ಲಿ ಸೀಟಿ ಧರಿಸುವವರು. ಕಾಫಿ ಕುಡಿಯುತ್ತ ಗೋಡೆ ನೋಡಿ, "ರೀ ಶ್ರೀನಿವಾಸ್, ಇದರ ಒರಿಜಿನಲ್ಲು ನಮ್ಮ ಟೂರಿನ ಮ್ಯೂಸಿಯಮ್ಮಲ್ಲೇ ಇದೆ ಕಣ್ರೀ. ಹೋದ್ಸಲ ನೋಡಿದೀನಿ," ಎಂದರು.

ಅಮ್ಮ ಅಡುಗೆಮನೆಯಿಂದ ಓಡಿಬಂದಳು. "ಕೆಳಗೇನಿತ್ತು ಶ್ಯಾಮಣ್ಣ?"

"ಕೆಳಗಾ? ಕೆಳಗೆ ಬರೀ ಜನರ ತಲೆ ಕಾಣಿಸ್ತಮ್ಮ."

ಅಲ್ಲಿಗೆ ನಮ್ಮ ಪ್ರಯಾಣ ನಿಶ್ಚಯವಾಯಿತು. ಅಮ್ಮ ಮಗುವನ್ನು ನೋಡಲು ಹೊರಟಳು. ವಿಶಾಲು ಬೆಕ್ಕಿನ ಮೇಲೆ ಭಾರ ಹಾಕಿ ಹೊರಟಳು. ಅಲ್ಲಿ ಮಗುವಿದ್ದುಬಿಟ್ಟರೆ ಅತ್ತೆ ಇನ್ನು ಜೀವನಪೂರ್ತಿ ಆ ಗೋಡೆಯ ಕಡೆ ಬೆರಳು ತೋರಿಸಿಕೊಂಡೇ ಇರುತ್ತಾರೆ ಎಂದು ಹೊರಡುವ ಹಿಂದಿನ ದಿನ ನನ್ನ ಬಳಿ ಅತ್ತಳು. ಬಸ್ಸು ರಾಜಾಜಿನಗರದಲ್ಲಿ ಅರ್ಧ, ವಿಜಯನಗರದಲ್ಲಿ ಪೂರ್ತಿ, ಕಾಮಾಕ್ಷಿಪಾಳ್ಯದಲ್ಲಿ ಪೂರ್ತಿಗಿಂತ ಹೆಚ್ಚು ತುಂಬಿತು. ಇಡೀ ದಾರಿ ಪುಳಿಯೋಗರೆ ತಿಂದುಕೊಂಡು ನಾವು ಕಲೆಯ ಕಡೆಗೆ ಸಾಗಿದೆವು.

ಮ್ಯೂಸಿಯಂ ಎಂದರೆ ತಣ್ಣಗಿನ ಮೌನ, ಒಬ್ಬೊಬ್ಬರೇ ಕೈಕಟ್ಟಿ ನಿಂತು ಚಿತ್ರದೊಂದಿಗೆ ಮೌನವಾಗಿ ಸಂಭಾಷಿಸುವ ಸ್ಥಳ ಎಂದು ಓದಿದ್ದೆ. ಬರೆದ ಪುಣ್ಯಾತ್ಮ ರಜಾ ದಿನದಲ್ಲಿ ಹೋಗಿರಲಿಕ್ಕಿಲ್ಲ. ಮೆಜೆಸ್ಟಿಕ್ಕಿನಲ್ಲಿ ಸಾಯಂಕಾಲ ವಿಜಯನಗರದ ಬಸ್ಸು ಬಂದಾಗ ಏನಾಗುತ್ತದೋ ಅದು ಅಲ್ಲಿ ಪ್ರತಿ ಕೋಣೆಯ ಬಾಗಿಲಲ್ಲೂ ಆಗುತ್ತಿತ್ತು. ನಮಗೊಬ್ಬ ಗೈಡು ಸಿಕ್ಕಿದ. ಎಲ್ಲವನ್ನೂ ನೋಡಲು ವಾರ ಬೇಕು, ಆದ್ದರಿಂದ ಮುಖ್ಯವಾದದ್ದನ್ನು ಮಾತ್ರ ತೋರಿಸುತ್ತೇನೆ ಎಂದು ಹೇಳಿ, ಮಡಿಸಿದ ಛತ್ರಿಯನ್ನು ತಲೆಯ ಮೇಲೆತ್ತಿ, "ಚಲಿಯೇ ಚಲಿಯೇ" ಎಂದು ನಡೆದೇಬಿಟ್ಟ. ಆ ದಿನ ನಾನು ಅತ್ಯಂತ ಏಕಾಗ್ರತೆಯಿಂದ ನೋಡಿದ ಕಲಾಕೃತಿ ಆ ಛತ್ರಿ. ಅದರ ಒಂದು ಕಡ್ಡಿ ಮುರಿದಿತ್ತು.

ಮೊದಲ ಮುಖ್ಯವಾದದ್ದು ಒಬ್ಬ ದೊರೆಯ ಪಟ. ಎಲ್ಲಿ ನಿಂತರೂ ಅವನು ನಿಮ್ಮನ್ನೇ ನೋಡುತ್ತಾನೆ ಎಂಬುದು ಅದರ ಹೆಚ್ಚುಗಾರಿಕೆ. ನಾನು ಕೆಲಸ ಮಾಡುವ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯಲ್ಲಿ ನಮ್ಮ ಮ್ಯಾನೇಜರು ಇದನ್ನು ಯಾವ ಬಣ್ಣವೂ ಇಲ್ಲದೆ ಮಾಡುತ್ತಾರೆ. ಎರಡನೆಯದು ದಂತದ ಮಂಚ. ಅದರ ಮೇಲೆ ಇದುವರೆಗೆ ಯಾರೂ ಮಲಗಿಲ್ಲವಂತೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ನಮ್ಮವರು ಆ ಮಂಚವನ್ನು ನೋಡಿದ ನೋಟದಲ್ಲಿದ್ದ ಆರ್ತತೆಯನ್ನು ಯಾವ ಕಲಾರಸಿಕನೂ ತೋರಿಸಿರಲಾರ. ಆಮೇಲೆ ಅಕ್ಕಿಕಾಳಿನ ಮೇಲೆ ಕೆತ್ತಿದ ಅಕ್ಷರದ ಸಾಲುಗಳು. ಭೂತಗನ್ನಡಿಯಲ್ಲಿ ನೋಡಬೇಕು. ನನ್ನ ಸರದಿ ಬಂದಾಗ ಗಾಜಿನ ತುಂಬ ಹಿಂದಿನವರ ಉಸಿರು ಕೂತಿತ್ತು. ಆದರೂ "ಆಹಾ!" ಎಂದೆ. ಮುಂದಿದ್ದವರೆಲ್ಲ ಅಂದಿದ್ದರು, ನಾನೊಬ್ಬ ಅನ್ನದಿದ್ದರೆ ರಾಜಾಜಿನಗರದ ಮರ್ಯಾದೆ ಏನಾಗಬೇಕು?

ಹೀಗೆ ಓಡುತ್ತ ನೋಡುವುದನ್ನು ಹಳಿಯುವ ಹಕ್ಕು ನಮಗಿಲ್ಲ ಎಂದೂ ಆಗ ಅನ್ನಿಸಿತು. ನಮ್ಮ ಹಳೆಯ ದೇವಸ್ಥಾನಗಳಲ್ಲಿ ಶಿಲ್ಪಿ ವರ್ಷಗಟ್ಟಲೆ ಕೂತು ಮೂರ್ತಿ ಕಡೆಯುತ್ತಾನೆ. ನಾವು ಅದನ್ನು ನೋಡುವುದು ಕರ್ಪೂರ ಉರಿದು ಆರುವಷ್ಟು ಹೊತ್ತು. ಅದರಲ್ಲೂ ಅರ್ಧ ಹೊತ್ತು ಭಕ್ತಿಯಿಂದ ಕಣ್ಣು ಮುಚ್ಚಿರುತ್ತೇವೆ. ಉಳಿದರ್ಧದಲ್ಲಿ ಪೂಜಾರಿ "ಮುಂದೆ ನಡೀರಿ" ಎನ್ನುತ್ತಾನೆ. ಛತ್ರಿ ಒಂದಿಲ್ಲ, ಅಷ್ಟೇ ವ್ಯತ್ಯಾಸ.

ಆದರೆ ನಮ್ಮ ಹೆಂಗಸರಿಗೆ ನೋಡುವುದರಲ್ಲಿ ಇನ್ನೊಂದು ಶಿಕ್ಷಣವೂ ಆಗಿದೆ. ಅದು ನವರಾತ್ರಿಯ ಗೊಂಬೆ. ನಮ್ಮ ಕಡೆ ಮನೆಮನೆಯಲ್ಲೂ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾರೆ. ಸಂಜೆ ನೋಡಲು ಬಂದವರು ಹಾಗೇ ನೋಡಿ ಎದ್ದು ಹೋಗುವಂತಿಲ್ಲ. ಚಾಪೆಯ ಮೇಲೆ ಕೂರಬೇಕು, "ಚೆನ್ನಾಗಿದೆ" ಎನ್ನಬೇಕು, ಒಂದು ಹಾಡು ಹೇಳಬೇಕು, ಅರಿಶಿನ ಕುಂಕುಮ ತೆಗೆದುಕೊಂಡು ಮಕ್ಕಳಿಗೆ ಚಕ್ಕುಲಿ ಕೊಡಿಸಿಕೊಂಡು ಏಳಬೇಕು. ಹಾಡುವವರು ಹಾಡುತ್ತಿರುವಾಗ ಅವರನ್ನು ಎಬ್ಬಿಸುವ ಧೈರ್ಯ ಭೂಮಿಯ ಮೇಲೆ ಯಾರಿಗೂ ಇಲ್ಲ.

ಅಮ್ಮ ಪ್ರತಿ ಕೋಣೆಯಲ್ಲೂ ಶ್ಯಾಮಣ್ಣನವರ ತೋಳು ಹಿಡಿದು ತನ್ನ ಚಿತ್ರವೆಲ್ಲಿ ಎಂದು ಕೇಳುತ್ತಿದ್ದಳು. ಅವರು ಗೈಡನ್ನು ಕೇಳಿ ಬಂದರು. "ಅದು ತೋರಿಸೋದರಲ್ಲಿ ಇಲ್ವಂತೆ ಅಮ್ಮ. ಮುಖ್ಯವಾದದ್ದು ಮಾತ್ರವಂತೆ."

"ಮತ್ತೆ ನಾವು ಬಂದಿದ್ದು ಯಾಕೆ?" ಎಂದಳು ಅಮ್ಮ. ಈ ಪ್ರಶ್ನೆಗೆ ಹಿಂದಿಯಲ್ಲಿ ಏನೆನ್ನಬೇಕೆಂದು ಶ್ಯಾಮಣ್ಣನವರಿಗೆ ತಿಳಿಯಲಿಲ್ಲ. ಸೀಟಿ ಊದಿದರು.

ಕೊನೆಗೆ ಕಂಡವಳು ವಿಶಾಲುವೇ. ಒಂದು ಮುಖ್ಯದಿಂದ ಇನ್ನೊಂದು ಮುಖ್ಯಕ್ಕೆ ಹೋಗುವ ಓಣಿಯಂಥ ಜಾಗದ ಗೋಡೆಯಲ್ಲಿ ಆ ತರುಣಿ ಕೂತಿದ್ದಳು, ಆಳೆತ್ತರಕ್ಕೆ, ಕ್ಯಾಲೆಂಡರಿನಲ್ಲಿ ಎಂದೂ ಇಲ್ಲದ ಬೆಳಕಿನಲ್ಲಿ. ಆದರೆ ಅವಳ ಕಾಲ ಬಳಿ, ಸರಿಯಾಗಿ ತಾರೀಖಿನ ಕಟ್ಟು ಇದ್ದ ಜಾಗದಲ್ಲೇ, ಒಂದು ದೊಡ್ಡ ಮರದ ಫಲಕವನ್ನು ಒರಗಿಸಿ ಇಟ್ಟಿದ್ದರು. ಅದರ ಮೇಲೆ ಅಮ್ಮನಿಗೆ ಓದಲು ಬಾರದ ಭಾಷೆಗಳಲ್ಲೆಲ್ಲ "ಗದ್ದಲ ಮಾಡಬಾರದು" ಎಂದು ಬರೆದಿತ್ತು.

ಇಲ್ಲೂ ಮುಚ್ಚಿದ್ದಾರೆ! ಅಮ್ಮನ ಮುಖ ನೋಡಲಾಗಲಿಲ್ಲ. ಆದರೆ ಗೊಂಬೆಯ ಮುಂದೆ ನಿಂತವಳು ಏನು ಮಾಡಬೇಕೋ ಅದನ್ನು ಅವಳು ಮಾಡಿದಳು. ಅಲ್ಲೇ ನೆಲದ ಮೇಲೆ ಕೂತಳು, ಸೆರಗು ಸರಿಮಾಡಿಕೊಂಡಳು, ಹಸೆಗೆ ಕರೆಯುವ ಒಂದು ಹಳೆಯ ಹಾಡು ಶುರುಮಾಡಿದಳು. ಒಬ್ಬರು ಹಾಡಲು ಕೂತರೆ ಉಳಿದವರು ನಿಂತಿರುವುದು ನಮ್ಮಲ್ಲಿ ಪದ್ಧತಿಯಲ್ಲ. ಬಸ್ಸಿನ ಹೆಂಗಸರೆಲ್ಲ ಕೂತರು, ಎರಡನೆಯ ಸಾಲಿಗೆ ಎಲ್ಲರೂ ದನಿಗೂಡಿಸಿದರು. ಓಣಿ ಕಟ್ಟಿಕೊಂಡಿತು. ಹಿಂದಿನಿಂದ ಬಂದ ಯಾವುದೋ ಊರಿನವರು ಇದು ಕೂಡ ತೋರಿಸುವುದರಲ್ಲಿ ಸೇರಿದೆ ಎಂದುಕೊಂಡು ಗೌರವದಿಂದ ನಿಂತರು. ಗೈಡು ಛತ್ರಿ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ನಾನು ಗೋಡೆಯ ಕಡೆ ತಿರುಗಿ ಪರಿಚಯವಿಲ್ಲದವನಂತೆ ನಿಂತೆ. ಕೈಯಲ್ಲಿ ಪೇಪರ್ ಇರಲಿಲ್ಲ.

ಅಷ್ಟರಲ್ಲಿ ಕಾವಲುಗಾರ ಓಡಿಬಂದ. ಹಾಡು ನಿಲ್ಲಿಸಿ ಎಂದು ಕೈಸನ್ನೆ ಮಾಡಿದ. ಯಾರೂ ನಿಲ್ಲಿಸಲಿಲ್ಲ. ಕೋಪ ಬಂದು, ನಿಯಮವನ್ನೇ ಕಣ್ಣಿಗೆ ಹಿಡಿಯೋಣವೆಂದು, ಆ ಫಲಕವನ್ನು ಎರಡು ಕೈಯಲ್ಲೂ ಎತ್ತಿ ತಲೆಯ ಮೇಲೆ ಹಿಡಿದ.

ಹಾಡು ನಿಂತಿತು. ನಿಯಮಕ್ಕೆ ಹೆದರಿ ಅಲ್ಲ.

ಅಲ್ಲಿ ಮಗು ಇರಲಿಲ್ಲ. ಬೆಕ್ಕೂ ಇರಲಿಲ್ಲ. ಕೆಂಪು ಸೀರೆಯ ಒಬ್ಬ ಮುದುಕಿ ಕಾಲು ಚಾಚಿ ಕೂತು, ಮಡಿಲ ಬುಟ್ಟಿಯಿಂದ ಮೊಗ್ಗುಗಳನ್ನು ಜೋಡಿಸಿ ಮೇಲಕ್ಕೆ ಕೊಡುತ್ತಿದ್ದಳು. ತರುಣಿ ಅಷ್ಟು ಪ್ರೀತಿಯಿಂದ ನೋಡುತ್ತಿದ್ದದ್ದು ಆ ಸುಕ್ಕುಗಟ್ಟಿದ ಕೈಯನ್ನು.

"ಅಯ್ಯೋ ಶಿವನೇ, ಅತ್ತೆ ಕಣೇ ಇದು!" ಎಂದಳು ಅಮ್ಮ, ವಿಶಾಲುವಿನ ಮೊಣಕೈ ಹಿಡಿದು. "ಇಷ್ಟು ವರ್ಷ ಅತ್ತೇನ ಮಗು ಅಂದ್ಕೊಂಡಿದ್ನಲ್ಲ!"

ವಿಶಾಲುವಿಗೆ ನಗು ತಡೆಯಲಾಗಲಿಲ್ಲ. ಅಮ್ಮನೂ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು, ಅದು ನಕ್ಕಿದ್ದಕ್ಕೆ ಬಂದ ನೀರಲ್ಲ ಎಂದು ನನಗೂ ಗೊತ್ತಾಯಿತು. ಕಾವಲುಗಾರ ತನ್ನ ಫಲಕದ ಪ್ರಭಾವಕ್ಕೆ ತಾನೇ ಬೆರಗಾಗಿ, ನಿಧಾನವಾಗಿ ಅದನ್ನು ಮೊದಲಿನ ಜಾಗದಲ್ಲೇ ಇಟ್ಟ. "ಚಲಿಯೇ," ಎಂದ ಗೈಡು. ಆಮೇಲೆ ತೋರಿಸಿದ ಮುಖ್ಯವಾದವು ಯಾವುವೆಂದು ನನಗೆ ಈಗ ಒಂದೂ ನೆನಪಿಲ್ಲ.

ವಾಪಸು ಬರುವಾಗ ಅಮ್ಮ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ನೋಡುತ್ತಲೇ, "ನಮ್ಮತ್ತೆ ಒಂದು ದಿನ ಹಂಗೆ ಮೊಗ್ಗು ಜೋಡಿಸಿ ಕೊಡಲಿಲ್ಲ ಕಣೇ ನಂಗೆ," ಎಂದಳು. ವಿಶಾಲು "ನೀವೂ ಕೊಟ್ಟಿಲ್ಲ" ಎನ್ನಬಹುದಿತ್ತು. ಅವಳು ಅನ್ನಲಿಲ್ಲ, ಆದರೂ ಅಮ್ಮನಿಗೆ ಕೇಳಿಸಿತು ಎಂದು ನನ್ನ ಊಹೆ. ಏಕೆಂದರೆ ಆಮೇಲೆ ಮಗುವಿನ ಮಾತು ನಮ್ಮ ಮನೆಯಲ್ಲಿ ಏಳಲಿಲ್ಲ. ಕ್ಯಾಲೆಂಡರು ಮಾತ್ರ ಗೋಡೆಯ ಮೇಲೆ ಹಾಗೇ ಉಳಿಯಿತು.

ಆ ವರ್ಷದ ನವರಾತ್ರಿಯಲ್ಲಿ ಒಂದು ಸಂಜೆ ನಾನು ಕಾರ್ಖಾನೆಯಿಂದ ಬಂದಾಗ ಗೊಂಬೆ ನೋಡುವವರು ಇನ್ನೂ ಬಂದಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೂತು ವಿಶಾಲು ಹೂ ಕಟ್ಟುತ್ತಿದ್ದಳು. ಕೆಳಗೆ ಅಮ್ಮ ಕಾಲು ಚಾಚಿಕೊಂಡು, ಮಡಿಲಲ್ಲಿ ಮೊರವಿಟ್ಟುಕೊಂಡು, ಕಾಕಡ ಮಲ್ಲಿಗೆಯ ಮೊಗ್ಗುಗಳನ್ನು ಜೋಡಿಸಿ ಜೋಡಿಸಿ ಮೇಲಕ್ಕೆ ಕೊಡುತ್ತಿದ್ದಳು. ಗಂಟು ಎಂದಿನಂತೆ ಸಡಿಲವಾಗಿಯೇ ಇತ್ತು. ಅಮ್ಮ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ವಿಶಾಲುವಿನ ಕಣ್ಣು ಅಮ್ಮನ ಕೈಯ ಮೇಲಿತ್ತು.

ನಾನು ಬಾಗಿಲಲ್ಲೇ ನಿಂತೆ. ದೊರೆಯ ಪಟ, ದಂತದ ಮಂಚ, ಅಕ್ಕಿಕಾಳು ಯಾವುದರ ಮುಂದೆಯೂ ನಾನು ಹಾಗೆ ನಿಂತಿರಲಿಲ್ಲ. ಇಲ್ಲಿ ಗುಂಪಿಲ್ಲ, ಛತ್ರಿಯಿಲ್ಲ, ಸೀಟಿಯಿಲ್ಲ. ಎಷ್ಟು ಹೊತ್ತು ಬೇಕಾದರೂ ನೋಡಬಹುದು ಎಂದುಕೊಂಡೆ.

"ಬೆಳಕಿಗೆ ಅಡ್ಡ ನಿಂತ್ಕೋಬೇಡ ಕಣೋ ಸೀನ," ಎಂದಳು ಅಮ್ಮ, ತಲೆ ಎತ್ತದೆ. "ನೋಡಿದ್ದಾಯ್ತಲ್ಲ, ನಡಿ ಮುಂದೆ."