ಮಾವನ ಫೋನಿನಲ್ಲಿ ಮಗನ ಆಟ

ಹೊಸಬಾಳೆಯ ಹುಚ್ಚರಾಯಪ್ಪ ಮಗನ ಮಾತನ್ನು ಎಂದೂ ತೆಗೆದುಹಾಕಿದವನಲ್ಲ. "ಎರಡು ದಿನ ಕುರಿ ನೀನೇ ಹೊಡ್ಕೊಂಡು ಹೋಗಪ್ಪ" ಎಂದು ರವಿ ಹೇಳಿದ್ದು ಬೇಸಿಗೆಯಲ್ಲಿ. ದೀಪಾವಳಿ ಬಂದರೂ ಆ ಎರಡು ದಿನ ಮುಗಿದಿರಲಿಲ್ಲ. ಮುದುಕ ಗೋಮಾಳದ ಏರಿನಲ್ಲಿ ಕುರಿಗಳ ಹಿಂದೆ ಏಳುತ್ತ ಬೀಳುತ್ತ ತಿರುಗುವುದು, ಮೂವತ್ತು ದಾಟಿದ ಮಗ ಮನೆಯಲ್ಲಿ ಗೋಡೆಗೊರಗಿ ಫೋನಿನಲ್ಲಿ ಗುಂಡು ಹಾರಿಸುವುದು. ಚೆನ್ನಾಗಿತ್ತು ಸಂಸಾರ!

ಸೊಸೆ ಮಮತಾಳಿಗೆ ಹೊಟ್ಟೆ ಉರಿಯುತ್ತಿತ್ತು. ಸಂಜೆ ಮಾವನಿಗೆ ಎಣ್ಣೆ ಬಿಸಿ ಮಾಡಿ ಕೊಡುವವಳು ಅವಳು. ಊದಿದ ಮಂಡಿಯನ್ನು ಕಂಡವಳೂ ಅವಳೇ. ಗಂಡನಿಗೆ ಹೇಳಿದರೆ "ಇದೊಂದು ಮ್ಯಾಚ್ ಮುಗೀಲಿ ತಡಿ" ಎನ್ನುತ್ತಿದ್ದ. ಆ ಮ್ಯಾಚು ಮುಗಿದ ದಿನವೇ ಇಲ್ಲ.

ಅವರ ಕೇರಿಯಲ್ಲಿ ಮೊಬೈಲ್ ನೆಟ್ ಸರಿಯಾಗಿ ಬರುವುದಿಲ್ಲ. ಆಟವೆಲ್ಲ ನಡೆಯುತ್ತಿದ್ದದ್ದು ಮಮತಾ ತನ್ನ ಹೊಲಿಗೆ ಕೆಲಸಕ್ಕೆಂದು ಹಾಕಿಸಿದ ವೈಫೈನಲ್ಲಿ. ಅದನ್ನು ಹಾಕಿಕೊಟ್ಟ ಸಿದ್ಧಲಿಂಗೇಶನಿಗೆ ಫೋನ್ ಮಾಡಿ ಕೇಳಿದಳು. ಯಾವ ಫೋನಿಗೆ ನೆಟ್ ಕೊಡಬೇಕು, ಯಾವುದಕ್ಕೆ ಬೇಡ ಎಂದು ಮನೆಯಲ್ಲೇ ಸೆಟ್ಟಿಂಗ್ ಮಾಡಬಹುದಂತೆ. ಅವನು ಹೇಳಿದಂತೆ ಒತ್ತುತ್ತ ಹೋಗಿ ಗಂಡನ ಫೋನಿಗೆ ನೆಟ್ ಪೂರ್ತಿ ಬಂದ್ ಮಾಡಿದಳು.

ಆ ದಿನ ರವಿ ಗೊಣಗಿದ. ಮಾರನೆಯ ದಿನ ನೋಡಿದರೆ ಮತ್ತೆ ಗುಂಡಿನ ಸದ್ದು! ಮಮತಾ ಸೆಟ್ಟಿಂಗ್ ತೆರೆದು ನೋಡಿದಳು. ಮಾವನ ಫೋನು ಬೆಳಗಿನಿಂದ ಮನೆಯ ವೈಫೈನಲ್ಲೇ ಇತ್ತು. ಮಾವ ಮಾತ್ರ ಗೋಮಾಳದಲ್ಲಿದ್ದ.

ಅವಳು ಅಲ್ಲಿಗೇ ಹೋದಳು. ಹುಚ್ಚರಾಯಪ್ಪ ಬಂಡೆಯ ಮೇಲೆ ಕಾಲು ನೀವಿಕೊಳ್ಳುತ್ತ ಕೂತಿದ್ದ.

"ಮಾವ, ನಿಮ್ಮ ಫೋನೆಲ್ಲಿ?"

"ಅವ ಕೇಳ್ದ, ಕೊಟ್ಟೆ. ಆಟ ಇಲ್ದೆ ಮಂಕಾಗಿ ಕೂತಿದ್ದ ತಾಯಿ, ನೋಡಕ್ಕಾಗ್ಲಿಲ್ಲ."

"ಇಲ್ಲಿ ನೀವು ಬಿದ್ರೆ ನಮಗೆ ಹೆಂಗ್ ಗೊತ್ತಾಗ್ಬೇಕು?"

"ಕುರಿ ಅಷ್ಟೇ ಮನೆಗ್ ಬರ್ತಾವಲ್ಲ," ಎಂದ ಮುದುಕ, "ಆಗ ಗೊತ್ತಾಗ್ತದೆ."

ಮಮತಾಳಿಗೆ ಅಳು ತಡೆಯಲಾಗಲಿಲ್ಲ. ಮನೆಗೆ ಬಂದವಳೇ ಮಾವನ ಫೋನಿಗೂ ನೆಟ್ ಬಂದ್ ಮಾಡಿದಳು.

ರವಿ ಮನೆ ಹಾರಿಹೋಗುವ ಹಾಗೆ ಕೂಗಾಡಿದ. "ಯಾರೇ ಮಾಡಿದ್ದು ಇದು? ನೀನೇ ಅಲ್ವಾ?" ರಾತ್ರಿಯೆಲ್ಲ ಧುಮುಗುಟ್ಟಿ, ಬೆಳಗ್ಗೆ ಎದ್ದವನೇ ಮತ್ತೆ ಶುರುಮಾಡಿದ.

ಮಮತಾ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದ ಹುಚ್ಚರಾಯಪ್ಪ ಹೇಳಿದ, "ನಾನೇ ಮಾಡ್ಸಿದ್ದು ಕಣೋ."

ಫೋನ್ ಚಾರ್ಜಿಗೆ ಹಾಕಲೂ ಸೊಸೆಯನ್ನು ಕರೆಯುವ ಮನುಷ್ಯ! ರವಿ ಅಪ್ಪನ ಮುಖವನ್ನೇ ನೋಡಿದ.

"ನಂಗೆ ನಡಿಯಕ್ಕಾಗ್ತಿಲ್ಲ ಮಗ," ಎಂದ ಹುಚ್ಚರಾಯಪ್ಪ. ಪಂಚೆಯನ್ನು ಸ್ವಲ್ಪ ಮೇಲೆತ್ತಿದ. ಅಷ್ಟು ಹೇಳುವುದಕ್ಕೇ ನಾಚಿಕೆಯಾದವನಂತೆ ತಲೆ ತಗ್ಗಿಸಿದ.

ರವಿ ಆ ಮಂಡಿಯನ್ನು ನೋಡಿದ. ಅಪ್ಪನ ಕೈಯಿಂದ ಕೋಲು ತೆಗೆದುಕೊಂಡು, ದೊಡ್ಡಿಯ ಬಾಗಿಲು ಸರಿಸಿ, ಕುರಿ ಹೊಡೆದುಕೊಂಡು ಹೋದ.

ಮಗ ತಿರುವಿನಲ್ಲಿ ಮರೆಯಾಗುವವರೆಗೂ ಮುದುಕ ನೋಡುತ್ತ ನಿಂತಿದ್ದ. ಆಮೇಲೆ ಮೆಲ್ಲಗೆ ಸೊಸೆಯನ್ನು ಕರೆದ.

"ಮಮತಾ, ಸಂಜೆ ಬಂದ್ಮೇಲೆ ಅವನಿಗೆ ಸ್ವಲ್ಪ ಹೊತ್ತು ನೆಟ್ ಬಿಟ್ಕೊಡೇ. ದಣ್ದಿರ್ತಾನೆ, ಪಾಪ."

"ಬಿಡ್ತೀನಿ ಮಾವ," ಎಂದು ಮಮತಾ ಕಣ್ಣೊರೆಸಿಕೊಂಡಳು. "ನೀವು ಮೊದ್ಲು ಕೂತ್ಕೊಳ್ಳಿ."