ಬೆಳ್ಳಗಾಗದ ಸೋಪು

ಬೀಗ ರಿಪೇರಿಯವನ ಹೆಂಡತಿಗೆ ಓಣಿಯವರು ಇಟ್ಟ ಹೆಸರು ರೇಡಿಯೋ ಅಕ್ಕ. ಊರಿನ ಬೀಗಗಳೆಲ್ಲ ಗಂಡನ ಕೈಯಲ್ಲಿ ಸರಿಹೋಗುತ್ತವೆ, ಮನೆಯ ಈ ಒಂದು ಬಾಯಿಗೆ ಮಾತ್ರ ಅವನ ಹತ್ತಿರ ಬೀಗವಿಲ್ಲ. ಹಿತ್ತಲಲ್ಲಿ ಅಕ್ಕ ಒಂದು ಆಡು ಸಾಕಿದ್ದಾಳೆ. ಅದರ ಹಾಲಿನಿಂದ ಅಡುಗೆಮನೆಯಲ್ಲೇ ಸೋಪು ಮಾಡುತ್ತಾಳೆ. ಇಡೀ ದಿನ ಮೆಲುಕು ಹಾಕುವ ಆ ಆಡಿನ ಬಾಯಿಗಾದರೂ ಬಿಡುವುಂಟು, ಅಕ್ಕನದಕ್ಕಿಲ್ಲ.

ಈ ಸೋಪಿಗೆ ತಾಳ್ಮೆ ಬೇಕು. ಹಾಲನ್ನು ಫ್ರಿಜ್ಜಿನಲ್ಲಿ ಕಲ್ಲಿನಂತೆ ಗಟ್ಟಿ ಮಾಡಿ, ಸ್ಟೀಲ್ ಪಾತ್ರೆಗೆ ಹಾಕಿ, ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತ ಕಲಕಬೇಕು. ಅವಸರ ಮಾಡಿದರೆ ಸೋಡಾದ ಕಾವಿಗೆ ಹಾಲು ಸೀದು ಕಂದಾಗುತ್ತದೆ. ಅಕ್ಕನ ಕೈ ಓಡುವುದೋ ಬಾಯಿಯ ವೇಗದಲ್ಲಿ. ಹಾಗಾಗಿ ಅವಳ ಸೋಪಿನದು ಯಾವತ್ತೂ ಬಿಸ್ಕತ್ತಿನ ಬಣ್ಣ, ನೊರೆಗೇನೂ ಕೊರತೆಯಿಲ್ಲ. ಒಂದೇ ಒಂದು ಸಲ ಅಚ್ಚ ಬಿಳುಪಾಗಿ ಬಂದಿತ್ತು. ಗಂಟಲು ಕಟ್ಟಿ ಅವಳಿಗೆ ಮಾತೇ ಹೊರಡದಿದ್ದ ದಿನ.

ಪೇಟೆಯ ದೊಡ್ಡ ಅಂಗಡಿಯವನ ಕಣ್ಣಿಗೆ ಬಿದ್ದದ್ದು ಆ ಬಿಳಿ ಸೋಪೇ. "ಇಂಥದ್ದೇ ಕೊಡಿ, ಎದುರಿನ ಗಾಜಿನ ಕಪಾಟು ನಿಮಗೇ" ಎಂದ. ಬಾಗಿಲು ಬಾಗಿಲು ತಟ್ಟಿ ಮಾರುತ್ತಿದ್ದವಳಿಗೆ ಗಾಜಿನ ಕಪಾಟು! ಅಕ್ಕ ಖುಷಿಯಲ್ಲಿ ಅದನ್ನೇ ವಾರವಿಡೀ ಓಣಿಗೆಲ್ಲ ಬಿತ್ತರಿಸಿದಳು.

ಅಂಗಡಿಯವನು ಬರುವ ದಿನ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲೇ ಕಾವಲು ಕೂತರು. "ಇದೊಂದು ಪಾತ್ರೆ ಮುಗಿಯೋವರೆಗೆ ಬಾಯಿ ಮುಚ್ಕೊಂಡಿರೇ, ನಿನ್ನ ದಮ್ಮಯ್ಯ."

ಅಕ್ಕ ತುಟಿ ಬಿಗಿಹಿಡಿದು ತಲೆಯಾಡಿಸಿದಳು. ಗಂಡ ಕೆಣಕಿದ: "ಕೇಳಿಸ್ತಾ ಅಮ್ಮಾ? ಮದುವೆ ಆದ್ಮೇಲೆ ಇವತ್ತೇ ನಮ್ಮ ಗಡಿಯಾರದ ಸದ್ದು ಕೇಳಿಸ್ತಿರೋದು."

ಹಾಲು ಇನ್ನೂ ಬೆಳ್ಳಗೇ ಇತ್ತು. ಅಷ್ಟರಲ್ಲಿ ಅಂಗಡಿಯವನು ಬಂದು, ಸೋಪಿಗೆ ಸುತ್ತಲು ಅಚ್ಚು ಹಾಕಿಸಿದ್ದ ಕಾಗದದ ಹೊದಿಕೆಯೊಂದನ್ನು ಬಿಡಿಸಿ ತೋರಿಸಿದ. ಹುಡುಗಿಯೊಬ್ಬಳ ಮುಖ, ಅರ್ಧ ಕಪ್ಪು, ಅರ್ಧ ಬಿಳಿ.

"ತಿಂಗಳಲ್ಲಿ ಬೆಳ್ಳಗಾಗಿ ಅಂತ ಹಾಕ್ಸಿದ್ದೀನಿ ಅಕ್ಕಾ. ಆಡಿನ ಹಾಲಲ್ವಾ, ಜನ ನಂಬ್ತಾರೆ."

ಅಕ್ಕನದು ಇದ್ದಿಲಿನ ಬಣ್ಣ. ಚಿಕ್ಕಂದಿನಲ್ಲಿ ಅವಳಮ್ಮ ಆ ಮುಖವನ್ನು ತಳ ಹಿಡಿದ ಪಾತ್ರೆಯ ಹಾಗೆ ತಿಕ್ಕಿದ್ದಳು. ಚರ್ಮ ಸುಲಿಯಿತೇ ಹೊರತು ಬಣ್ಣ ಬಿಡಲಿಲ್ಲ. ಹೆಣ್ಣುಮಕ್ಕಳಿಗೆ ಅವರ ಮುಖವೇ ಕೊಳೆಯೆಂದು ನಂಬಿಸಿ ಹೊಟ್ಟೆ ಹೊರೆಯುವವರಿಗೆ ನಾಚಿಕೆಯಾಗುವುದಾದರೂ ಯಾವಾಗ?

ಅತ್ತೆ ಕಣ್ಣಲ್ಲೇ ಬೇಡ ಬೇಡವೆಂದರು. ಸೋಡಾ ಇನ್ನೂ ಅರ್ಧ ಉಳಿದಿತ್ತು. ರೇಡಿಯೋ ಶುರುವಾಯಿತು.

"ಬೆಳ್ಳಗಾಗೋದಾ? ಹಿತ್ತಲಲ್ಲಿರೋ ನಮ್ಮ ಆಡು ನೋಡಿದ್ರಾ ಅಣ್ಣಾ? ಕರ್ರಗಿದೆ! ಅಷ್ಟು ಹಾಲನ್ನ ಮೈಯೊಳಗೇ ಇಟ್ಕೊಂಡು ಓಡಾಡುತ್ತೆ, ಅದೇ ಬೆಳ್ಳಗಾಗಿಲ್ಲ. ಇನ್ನು ಒಂದು ಬಿಲ್ಲೆ ಸೋಪು ತಿಕ್ಕೊಂಡು ನಿಮ್ಮ ಗಿರಾಕಿ ಬೆಳ್ಳಗಾಗ್ತಾರಾ?"

ಬಾಯಿಯ ಜೊತೆ ಕೈಯೂ ಓಡಿತು. ಉಳಿದ ಸೋಡಾವೆಲ್ಲ ಒಂದೇ ಸಲ ಪಾತ್ರೆಗೆ ಬಿತ್ತು. ಹಾಲು ಕಣ್ಣೆದುರೇ ಕಂದಾಯಿತು.

"ಕಪಾಟು ಬೇಡ್ವಾ ಹಾಗಾದ್ರೆ?" ಎಂದ ಅಂಗಡಿಯವನು.

"ಬೇಕಿತ್ತು. ಈ ಸುಳ್ಳು ಸುತ್ಕೊಂಡು ಬೇಡ."

ಅವನು ಹೊದಿಕೆ ಮಡಚಿಕೊಂಡು ಹೋದ. ಅಕ್ಕ ಕಂದಾದ ಆ ಹಾಲಿಗೇ ಎಣ್ಣೆ ಬೆರೆಸಿದಳು.

ಆ ಬಿಸ್ಕತ್ತು ಬಣ್ಣದ ಸೋಪು ಹದವಾದ ಮೇಲೆ ಮತ್ತೆ ಬಾಗಿಲು ಬಾಗಿಲಿಗೆ ಹೊರಟಿತು. ಮೇಲೆ ಅಕ್ಕನೇ ಬರೆದ ಚೀಟಿ: "ಇದೇ ಬೆಳ್ಳಗಿಲ್ಲ, ನಿಮ್ಮನ್ನೂ ಮಾಡಲ್ಲ. ಕೊಳೆ ಹೋಗುತ್ತೆ."

ಅತ್ತೆ ಓದಿ ಸೊಸೆಯ ಹಣೆ ಮುಟ್ಟಿ ನೋಡಿದರು. "ಇಷ್ಟೇ ಮಾತಲ್ಲಿ ಮುಗಿಸಿದ್ಯಲ್ಲೇ, ಹುಷಾರಾಗಿದ್ದೀಯಾ ತಾನೇ?"